ಸೋದರಮಾವನ ಖೋಲಿ: ಬೆಳೆಯುವ ನಗರದಲ್ಲಿ ನೆಂಟಸ್ತಿಕೆ ಮಾಡುವ ಕೆಲಸ



ವಲಸೆಯ ಕುರಿತು ಮಾತಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಚಾಲಕರು ಕೇಳಿದಾಗ ವಿಷಯಕ್ಕಾಗಿ ನಾನು ಹೆಚ್ಚು ಹುಡುಕಬೇಕಾಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ನನ್ನ ತಂದೆ ಉಡುಪಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಹೋದವರು. ವಲಸೆ ಎಂದೊಡನೆ ನಾವು ರೈಲು, ಗಿರಣಿ, ಕೂಲಿ, ಕೊಳೆಗೇರಿ ಎಂದು ಶುರು ಮಾಡುತ್ತೇವೆ. ಬಂದವನು ಬಂದ ದಿನ ರಾತ್ರಿ ಎಲ್ಲಿ ಮಲಗಿದ, ಯಾರ ಮಾತಿನ ಮೇಲೆ ಅವನಿಗೆ ಕೆಲಸ ಸಿಕ್ಕಿತು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ಯಾರು ಎಂದು ಕೇಳುವುದು ಕಡಿಮೆ. ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಮಾವ, ಅಣ್ಣ, ಚಿಕ್ಕಪ್ಪ, ಅಕ್ಕನ ಗಂಡ. ಇವರು ಯಾರೂ ಇಲ್ಲದಿದ್ದರೆ ಊರಿನವರು. ಬೆಳೆಯುವ ನಗರ ತಾನು ಮಾಡಬೇಕಿದ್ದ ಕೆಲಸದ ದೊಡ್ಡ ಪಾಲನ್ನು ಈ ನೆಂಟರ ಮೇಲೆ, ಅದರಲ್ಲೂ ಅವರ ಮನೆಯ ಹೆಂಗಸರ ಮೇಲೆ ಹೊರಿಸಿಬಿಟ್ಟಿದೆ. ಆ ಕೆಲಸದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇದನ್ನು ಹೇಳಲೆಂದೇ ಇವತ್ತು ಇಲ್ಲಿ ನಿಂತಿದ್ದೇನೆ.

ನಗರವೆಂದರೆ ಒಂಟಿತನ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಕನ್ನಡ ಓದುಗರಿಗೆ ಮುಂಬಯಿ ಎಂದರೆ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯ ಒಂಟಿ ನಾಗಪ್ಪ ಕಣ್ಣಮುಂದೆ ಬರುತ್ತಾನೆ. ಸಮಾಜಶಾಸ್ತ್ರದವರೂ ಬಹುಕಾಲ ಹೀಗೆಯೇ ಯೋಚಿಸಿದರು. ನಗರ ಬೆಳೆದಷ್ಟೂ ರಕ್ತಸಂಬಂಧ ಸಡಿಲವಾಗುತ್ತದೆ, ಅದರ ಜಾಗಕ್ಕೆ ಮೇಲುಮೇಲಿನ ಪರಿಚಯಗಳು ಬರುತ್ತವೆ ಎಂದು ಷಿಕಾಗೊದ ಲೂಯಿ ವರ್ತ್ 1938ರಲ್ಲಿ ವಾದಿಸಿದರು. ಹಳೆಯ ದಾಖಲೆಗಳನ್ನು ಬಿಚ್ಚಿ ನೋಡಿದವರಿಗೆ ಬೇರೆಯೇ ಕಂಡಿತು. ಮೈಕೆಲ್ ಆಂಡರ್ಸನ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಹತ್ತಿ ಗಿರಣಿಗಳ ಊರಾದ ಪ್ರೆಸ್ಟನ್‌ನ 1851ರ ಜನಗಣತಿಯ ಹಾಳೆಗಳನ್ನು ಹಿಡಿದು ಕೂತರು. ಗಿರಣಿ ಊರಿನಲ್ಲಿ ನೆಂಟರನ್ನು ಮನೆಯಲ್ಲಿಟ್ಟುಕೊಳ್ಳುವ ರೂಢಿ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದ ಅಮೊಸ್ಕೆಗ್ ಎಂಬ ಭಾರಿ ಗಿರಣಿಯ ಕತೆಯನ್ನು ತಮಾರಾ ಹರೇವನ್ ಬರೆದರು. ಕೆನಡಾದ ಕ್ವಿಬೆಕ್‌ನಿಂದ ಅಲ್ಲಿಗೆ ಬಂದ ಫ್ರೆಂಚ್ ಭಾಷಿಕರ ವಿಷಯದಲ್ಲಿ ಕೆಲಸ ಕೊಡಿಸುವುದು, ಯಂತ್ರ ಕಲಿಸುವುದು, ಮಗು ನೋಡಿಕೊಳ್ಳುವುದು ಎಲ್ಲವೂ ನೆಂಟರಿಂದಲೇ ನಡೆಯುತ್ತಿತ್ತು. ಅಂದರೆ ನೆಂಟಸ್ತಿಕೆ ಹಳ್ಳಿಯಿಂದ ಹೊತ್ತು ತಂದ, ದಿನ ಕಳೆದಂತೆ ಸವೆದುಹೋಗುವ ವಸ್ತುವಲ್ಲ. ನಗರದ ಅಗತ್ಯಕ್ಕಾಗಿಯೇ ಅದು ಹೊಸದಾಗಿ ಗಟ್ಟಿಯಾಗುತ್ತದೆ.

ಈಗ ಮುಂಬಯಿಗೆ ಬರೋಣ. 1921ರ ಜನಗಣತಿಯ ಪ್ರಕಾರ ಆ ನಗರದ ಐದು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಹೊರಗೆ ಹುಟ್ಟಿ ಬಂದವರು. ಗಂಡಸರ ಸಂಖ್ಯೆಗೆ ಹೋಲಿಸಿದರೆ ಹೆಂಗಸರು ಸುಮಾರು ಅರ್ಧದಷ್ಟಿದ್ದರು. ಗಿರಣಿ ಕೆಲಸಕ್ಕೆ ಅತಿ ಹೆಚ್ಚು ಜನ ಬಂದದ್ದು ರತ್ನಾಗಿರಿಯಿಂದ. ಗಿರಣಿಯ ಬಾಗಿಲಲ್ಲಿ ಜಾಬರ್ ಎಂಬ ಮೇಸ್ತ್ರಿ ನಿಂತಿರುತ್ತಿದ್ದ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ನಾಳೆ ಬಾ ಎನ್ನಬೇಕು ಎಂಬುದು ಅವನ ಕೈಯಲ್ಲಿತ್ತು. ದಿನವೂ ಬೆಳಿಗ್ಗೆ ಗೇಟಿನ ಮುಂದೆ ಬದಲಿಯವರ ಗುಂಪು. ಯಾರಾದರೂ ರಜೆ ಹಾಕಿದರೆ ಇವರಲ್ಲೊಬ್ಬನಿಗೆ ಅವತ್ತಿನ ಮಟ್ಟಿಗೆ ಕೆಲಸ. ವಾರದಲ್ಲಿ ಎಷ್ಟು ದಿನ ಕೂಲಿ ಸಿಗುತ್ತದೆಂದು ಗೊತ್ತಿಲ್ಲದವನಿಗೆ ಬಾಡಿಗೆಗೆ ಕೋಣೆ ಕೊಡುವವರು ಯಾರು, ಸಾಲ ಕೊಡುವವರು ಯಾರು? ಅಣ್ಣನ ಖೋಲಿ, ಊರಿನವರ ಖಾನಾವಳಿ, ಜಾಬರನಿಗೆ ‘ಇವ ನಮ್ಮವ’ ಎಂದು ಹೇಳುವ ಒಂದು ಬಾಯಿ, ಇವು ಇಲ್ಲದಿದ್ದರೆ ಅವನು ತಿಂಗಳು ಕಳೆಯುವುದರೊಳಗೆ ವಾಪಸು ಹೋಗಬೇಕಿತ್ತು. ಭಾರತದ ಕಾರ್ಮಿಕ ಸ್ಥಿತಿಗತಿ ವಿಚಾರಿಸಲು ಬಂದ ವ್ಹಿಟ್ಲಿ ಆಯೋಗ 1931ರ ವರದಿಯಲ್ಲಿ ಜಾಬರನ ಲಂಚಕೋರತನವನ್ನು ಕಟುವಾಗಿಯೇ ಟೀಕಿಸಿತು. ಟೀಕೆ ಸರಿ. ಆದರೆ ಗಿರಣಿಗಳು ತಮ್ಮ ಕಾರ್ಮಿಕರ ನಿರುದ್ಯೋಗದ ಖರ್ಚನ್ನು ಕಾರ್ಮಿಕರ ನೆಂಟರ ಮನೆಗೆ ದಾಟಿಸಿದ್ದನ್ನು ಕೂಡ ಅಷ್ಟೇ ಕಟುವಾಗಿ ಕೇಳಬೇಕಿತ್ತು.

ನಮ್ಮ ಕರಾವಳಿಯವರ ಕತೆಗೆ ಇನ್ನೊಂದು ಸುತ್ತು ಇದೆ. ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನ ಕಟ್ಟಿನವರು. ಅಲ್ಲಿ ಕುಟುಂಬ ಹರಿಯುವುದು ಹೆಣ್ಣಿನ ಕಡೆಯಿಂದ. ಮಾವನ ಜವಾಬ್ದಾರಿ ಅಕ್ಕತಂಗಿಯರ ಮಕ್ಕಳ ಮೇಲೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಆಸ್ತಿಯ ಲೆಕ್ಕ ಬದಲಾಯಿತು, 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಹೋಯಿತು. ಮುಂಬಯಿಯಲ್ಲಿ ಮಾತ್ರ ಮಾವ–ಅಳಿಯರ ಕಟ್ಟು ಹೋಟೆಲಿನ ಅಡುಗೆಮನೆಯಲ್ಲಿ ಮುಂದುವರಿಯಿತು. ಮಾವ ಗಲ್ಲಾದಲ್ಲಿ, ಅಳಿಯ ಕಪ್ಪು–ಬಸಿ ತೊಳೆಯುವಲ್ಲಿ. ಅಳಿಯ ಮೇಜು ಒರೆಸುವುದಕ್ಕೆ ಬಡ್ತಿ ಪಡೆಯುವಷ್ಟರಲ್ಲಿ ಊರಿಂದ ಅವನ ತಮ್ಮ ಬಂದು ಕಪ್ಪು–ಬಸಿಗೆ ನಿಲ್ಲುತ್ತಿದ್ದ. ಅಂಥ ಅಳಿಯಂದಿರಲ್ಲಿ ಎಷ್ಟೋ ಮಂದಿ ಸಂಜೆ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಮೊಗವೀರರು, ಬಂಟರು, ಬೇರೆ ಕನ್ನಡ ಸಂಘಗಳವರು ನಡೆಸಿದ ಆ ರಾತ್ರಿ ಶಾಲೆಗಳಿಗೆ ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಲ್ಲಬೇಕು. ಆದರೆ ಹುಡುಗನಿಗೆ ಸಂಜೆ ಎರಡು ಗಂಟೆ ಬಿಡುವು ಕೊಟ್ಟವನು ಯಾರು? ಪರರ ಹೋಟೆಲಿನ ಧಣಿ ಕೊಡುವುದು ಅಪರೂಪ. ಮಾವ ಕೊಡಬೇಕಿತ್ತು, ಕೊಡದಿದ್ದರೆ ಊರಲ್ಲಿ ಅಕ್ಕನಿಗೆ ಉತ್ತರ ಹೇಳಬೇಕಿತ್ತು.

ಉಡುಪಿ ಹೋಟೆಲಿನ ಯಶಸ್ಸನ್ನು ನಾವು ಸಾಹಸಿಯೊಬ್ಬನ ಕತೆಯಾಗಿ ಹೇಳುತ್ತ ಬಂದಿದ್ದೇವೆ. ಕಿಸೆಯಲ್ಲಿ ಕಾಸಿಲ್ಲದೆ ಬಂದ, ಕಷ್ಟಪಟ್ಟ, ಗೆದ್ದ. ಇಂಥ ಅಭಿನಂದನಾ ಗ್ರಂಥಗಳು ನನ್ನ ಕಪಾಟಿನಲ್ಲೂ ಇವೆ. ಕಷ್ಟ ಸುಳ್ಳಲ್ಲ. ಕಾಸಿಲ್ಲದೆ ಬಂದದ್ದೂ ಸುಳ್ಳಲ್ಲ. ಆದರೆ ಅವನ ಕೈಯಲ್ಲಿ ಒಂದು ವಿಳಾಸ ಇತ್ತು, ಆ ವಿಳಾಸದಲ್ಲಿ ಬಾಗಿಲು ತೆರೆಯುವವರು ಇದ್ದರು. ಅದೇ ದಿನ ಅದೇ ಬಸ್ಸಿನಲ್ಲಿ ವಿಳಾಸವಿಲ್ಲದೆ ಬಂದವರ ಅಭಿನಂದನಾ ಗ್ರಂಥ ನಾನು ನೋಡಿಲ್ಲ.

ಆ ವಿಳಾಸದ ಒಳಗೆ ಒಮ್ಮೆ ಹೋಗಿ ನೋಡೋಣ. ನಮ್ಮದು ಪರೇಲ್ ಕಡೆಯ ಚಾಳಿನಲ್ಲಿ ಒಂದು ಖೋಲಿ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿಡಿಡಿ ಚಾಳುಗಳ ಖೋಲಿ 160 ಚದರಡಿ; ನಮ್ಮದೂ ಹೆಚ್ಚುಕಡಿಮೆ ಅಷ್ಟೇ. ಮೂಲೆಯಲ್ಲಿ ಮೋರಿ, ಅದರ ಪಕ್ಕ ಒಲೆ, ಗೋಡೆಗೆ ಒಂದು ಮಂಚ, ಮಂಚದಡಿ ಸಾಲಾಗಿ ಟ್ರಂಕುಗಳು. ಒಂದೊಂದು ಟ್ರಂಕಿನ ಮೇಲೂ ಬಿಳಿ ಬಣ್ಣದಲ್ಲಿ ಒಬ್ಬೊಬ್ಬನ ಹೆಸರು, ಊರು. ಅವೆಲ್ಲ ಅಪ್ಪನ ಅಕ್ಕತಂಗಿಯರ ಮಕ್ಕಳವು. ಕೆಲಸ ಸಿಕ್ಕಿದ ಮೇಲೆ ಹುಡುಗರು ಹೋಟೆಲಿನಲ್ಲೇ ಮಲಗುತ್ತಿದ್ದರು, ರಾತ್ರಿ ಬಾಗಿಲು ಹಾಕಿದ ನಂತರ ಮೇಜುಗಳನ್ನು ಜೋಡಿಸಿ. ಟ್ರಂಕು ಮಾತ್ರ ನಮ್ಮಲ್ಲೇ ಉಳಿಯುತ್ತಿತ್ತು. ಕೆಲಸ ಸಿಗುವವರೆಗೆ, ಕೆಲಸ ಬಿಟ್ಟಾಗ, ಜ್ವರ ಬಂದಾಗ, ಹಬ್ಬಕ್ಕೆ, ಅವರು ಬರುವುದು ಖೋಲಿಗೆ. ಬೇಸಿಗೆಯಲ್ಲಿ ಗ್ಯಾಲರಿಯಲ್ಲಿ ಚಾಪೆ ಹಾಸುತ್ತಿದ್ದರು. ಮಳೆಗಾಲದಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಅಡ್ಡಡ್ಡ ಮಲಗುತ್ತಿದ್ದರು. ರಾತ್ರಿ ಯಾರಾದರೂ ಎದ್ದರೆ ಎಲ್ಲರೂ ಎಚ್ಚರ.

ನಳದಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ. ಅಮ್ಮ ಎಲ್ಲರಿಗಿಂತ ಮುಂಚೆ ಎದ್ದು ಸಾಲಿನಲ್ಲಿ ಕೊಡ ಇಡುತ್ತಿದ್ದಳು. “ಅತ್ತೆ, ಬರುವ ತಿಂಗಳು ತಮ್ಮನೂ ಬರ್ತಾನಂತೆ, ಅಮ್ಮ ಕಾಗದ ಬರ್ದಿದ್ದಾರೆ” ಎಂದು ಒಬ್ಬ ಭಾವ ತಲೆ ತಗ್ಗಿಸಿ ಹೇಳಿದ್ದು, “ಬರ್ಲಿ, ನೀರು ಮಾತ್ರ ಅವ್ನೇ ತುಂಬ್ಲಿ” ಎಂದು ಅಮ್ಮ ಒಲೆಯ ಕಡೆ ತಿರುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮಾತಿನಲ್ಲಿ ದಣಿವಿತ್ತು. ಬೇಡ ಎನ್ನುವ ಅಧಿಕಾರ ಅವಳಿಗೆ ಇರಲಿಲ್ಲ. ಬರುವವರು ಗಂಡನ ಕುಟುಂಬದವರು. ಅಕ್ಕಿ ಅಪ್ಪನ ಸಂಬಳದ್ದಾದರೆ ಬೇಯಿಸಿದ ಕೈ, ಒಗೆದ ಬಟ್ಟೆ, ಕಾದ ರಾತ್ರಿ ಎಲ್ಲ ಅಮ್ಮನದು. ನೆಂಟರು ವಲಸೆಗಾರನಿಗೆ ಆಸರೆಯಾದರು ಎಂದು ಬರೆಯುವ ಪ್ರತಿ ವಾಕ್ಯದ ಹಿಂದೆ ಇಂಥ ಒಬ್ಬ ಅತ್ತೆ, ಅತ್ತಿಗೆ, ಚಿಕ್ಕಮ್ಮ ಇದ್ದಾಳೆ.

ಊರಲ್ಲಿ ಉಳಿದ ಹೆಂಗಸರದು ಇನ್ನೊಂದು ಪಾಲು. ಹೇಮಲತಾ ದಾಂಡೇಕರ್ ಸಾತಾರಾ ಜಿಲ್ಲೆಯ ಸುಗಾವ್ ಎಂಬ ಹಳ್ಳಿಯ ಬಗ್ಗೆ 1986ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಗಂಡಸರು ಮುಂಬಯಿಗೆ, ಹೆಂಗಸರು ಮನೆಯಲ್ಲಿ ಎಂಬುದೇ ಅದರ ಶೀರ್ಷಿಕೆಯ ಅರ್ಥ. ಹೊಲ, ದನ, ಮುದುಕರು, ಮಕ್ಕಳು ಎಲ್ಲವನ್ನೂ ಹೆಂಗಸರು ಹಿಡಿದು ನಿಂತಿದ್ದರಿಂದಲೇ ನಗರದ ಕೂಲಿ ಅಷ್ಟು ಕಡಿಮೆ ಇದ್ದರೂ ಸಾಗಿತು. ಕರಾವಳಿಯಲ್ಲೂ ಅದೇ ಲೆಕ್ಕ. ತಿಂಗಳ ಮೊದಲ ವಾರ ನಮ್ಮ ಖೋಲಿಯಲ್ಲಿ ಮನಿಆರ್ಡರ್ ಫಾರಂ ತುಂಬುವ ಕೆಲಸ ನನ್ನದಾಗಿತ್ತು. ಫಾರಂನ ತುದಿಯಲ್ಲಿ ಹರಿದುಕೊಡುವ ಸಣ್ಣ ಕೂಪನ್ನು, ಅದರಲ್ಲಿ ನಾಲ್ಕು ಸಾಲು ಬರೆಯಬಹುದಿತ್ತು. ಕ್ಷೇಮ ಎಂಬ ಒಂದು ಮಾತಿನ ನಂತರ ಉಳಿದ ಜಾಗವೆಲ್ಲ ಲೆಕ್ಕಕ್ಕೆ: ಅಂಗಡಿಯ ಬಾಕಿಗೆ ಇಷ್ಟು, ತಂಗಿಯ ಪುಸ್ತಕಕ್ಕೆ ಇಷ್ಟು, ಹಂಚು ತೆಗೆಸುವುದಕ್ಕೆ ಮುಂದಿನ ತಿಂಗಳು. ಹದಿನಾರರ ಹುಡುಗ ಕುಟುಂಬದ ಯಜಮಾನನಂತೆ ಬರೆಸುತ್ತಿದ್ದ. ನಗರ ಅವನನ್ನು ಕುಟುಂಬದಿಂದ ಬಿಡಿಸಿತು ಎನ್ನುವವರು ಆ ಕೂಪನ್ನುಗಳನ್ನು ಓದಬೇಕಿತ್ತು.

ನೆಂಟಸ್ತಿಕೆ ಮನೆಯೊಳಗೇ ನಿಲ್ಲದೆ ಸಂಸ್ಥೆಯಾಗಿ ಬೆಳೆದದ್ದು ಮುಂಬಯಿ ಕನ್ನಡಿಗರ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಹೋದ ಸಾರಸ್ವತರು ಇದರಲ್ಲಿ ಮುಂದೆ ಇದ್ದರು. ಶ್ರೀಪಾದ ಸುಬ್ಬರಾವ್ ತಲಮಕಿ 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಪತ್ತಿನ ಸಹಕಾರ ಸಂಘ ಆರಂಭಿಸಿದರು. ಇವತ್ತಿನ ಎಸ್‌ವಿಸಿ ಬ್ಯಾಂಕು ಅದೇ. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಬಂತು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿತು. ದೇಶದ ಮೊದಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಅದು ಒಂದು. ಗಮನಿಸಿ: ಮೊದಲು ಸಾಲ, ಆಮೇಲೆ ಸಂಘ, ಆಮೇಲೆ ಮನೆ. ಭಾವನ ಹತ್ತಿರ ಕೈಸಾಲ ಕೇಳುವಾಗಿನ ಸಂಕೋಚ ಹೋಗಿ ಷೇರು, ಜಾಮೀನು, ಬಡ್ಡಿ ದರ ಬಂದವು. ಮೊಗವೀರರು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದರು. ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಷನ್ 1932ರದು. ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಆರಂಭಿಸಿದರು. ಜಾತಿಯ ಗೋಡೆ ದಾಟಿದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳೂ ಬಂಟರ, ಬಿಲ್ಲವರ ಸಂಘಗಳ ಕಾಲದವೇ. ಮಾವನ ಖೋಲಿಯಲ್ಲಿ ಮೂರು ಜನಕ್ಕೆ ಜಾಗ ಇದ್ದರೆ ಸಂಘದ ವಿದ್ಯಾರ್ಥಿವೇತನ ಮುನ್ನೂರು ಜನಕ್ಕೆ ತಲುಪುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಲೇಬೇಕು. ನೆಂಟಸ್ತಿಕೆ ಒಳಗಿನವರಿಗೆ ಬಾಗಿಲಾದರೆ ಹೊರಗಿನವರಿಗೆ ಗೋಡೆ. ಮುಂಬಯಿ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ದಲಿತರಿಗೆ ಪ್ರವೇಶ ಇರಲಿಲ್ಲ. ಲಾಳಿಯ ದಾರವನ್ನು ಬಾಯಿಂದ ಎಳೆದುಕೊಳ್ಳಬೇಕಾದ್ದರಿಂದ ಮೈಲಿಗೆ ಎಂದು ಉಳಿದವರು ತಡೆದಿದ್ದರು. 1928ರ ದೊಡ್ಡ ಮುಷ್ಕರದ ಸಮಯದಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಎತ್ತಿದರು. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಸೇರಿಸುತ್ತ ಹೋದಲ್ಲಿ ಯಾರ ಅಣ್ಣನೂ ಒಳಗಿಲ್ಲವೋ ಅವರು ತಲೆಮಾರುಗಟ್ಟಲೆ ಹೊರಗೇ ಉಳಿಯುತ್ತಾರೆ.

ಒಳಗಿದ್ದವರನ್ನು ಕೂಡ ಆ ಕಟ್ಟು ಕೆಲವೊಮ್ಮೆ ಕಟ್ಟಿಹಾಕುತ್ತದೆ. ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು ದಾದರಿನ ಶಾಲೆಗಳ ಎರಡು ದಶಕಗಳ ದಾಖಲೆ ತೆಗೆದು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಶ್ರಮಿಕ ಜಾತಿಗಳ ಗಂಡುಮಕ್ಕಳನ್ನು ಮರಾಠಿ ಮಾಧ್ಯಮಕ್ಕೇ ಕಳಿಸುವುದು ಮುಂದುವರಿದಿತ್ತು, ಏಕೆಂದರೆ ಅವರಿಗೆ ನೆಂಟರ ಮೂಲಕ ಗಿರಣಿ, ವರ್ಕ್‌ಶಾಪಿನ ಕೆಲಸ ಕಾದಿತ್ತು. ಹೆಣ್ಣುಮಕ್ಕಳಿಗೆ ಅಂಥ ಕೆಲಸದ ದಾರಿಯೇ ಇರಲಿಲ್ಲ. ಅವರು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, 1990ರ ದಶಕದಲ್ಲಿ ಹೊಸ ಆರ್ಥಿಕತೆ ತೆರೆದಾಗ ಮುಂದೆ ನಿಂತರು. ನಮ್ಮ ಚಾಳಿನಲ್ಲಿ ನಾನು ಕಂಡದ್ದೂ ಇದೇ. ಭಾವಂದಿರಿಗೆ ಹೋಟೆಲು ಮೊದಲೇ ನಿಶ್ಚಯವಾಗಿತ್ತು. ನನಗೆ ಏನೂ ನಿಶ್ಚಯವಾಗಿರಲಿಲ್ಲ, ಹಾಗಾಗಿ ಓದಿದೆ. ಓದಬೇಕೆಂಬ ಆಸೆ ಅವರಲ್ಲೂ ಇತ್ತು ಎಂಬುದನ್ನು ಬಲ್ಲವಳಾಗಿ ಇದನ್ನು ಸಂತೋಷದಿಂದ ಹೇಳಲಾರೆ.

ಕಷ್ಟಕಾಲದಲ್ಲಿ ಈ ಸಂಬಂಧದ ಹೊಳೆ ಹಿಂದಕ್ಕೆ ಹರಿಯುತ್ತದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ವರ್ಷ ದಾಟಿದ ಮುಷ್ಕರವನ್ನು ಅವರು ತಡೆದುಕೊಂಡದ್ದು ಬಹುಮಟ್ಟಿಗೆ ಊರಿನ ಅಕ್ಕಿ–ಜೋಳದಿಂದ. 2020ರಲ್ಲಿ ಆದದ್ದು ಮಾತ್ರ ಬೇರೆ. ಕೋವಿಡ್ ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿ, ಸರ್ಕಾರದ ಸೇವಾಸಿಂಧು ಪಾಸು ಹಿಡಿದು ಉಡುಪಿಗೆ, ಕಲಬುರಗಿಗೆ, ಕೆ.ಆರ್. ಪೇಟೆಗೆ ಬಂದ ಮುಂಬಯಿಯವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ಅದು ನಿಯಮ. ಆದರೆ ಅವಧಿ ಮುಗಿದ ಮೇಲೂ ‘ಸ್ವಲ್ಪ ದಿನ ಬಿಟ್ಟು ಬನ್ನಿ’ ಎಂದು ಫೋನಿನಲ್ಲಿ ಹೇಳಿಸಿಕೊಂಡವರು ನನ್ನ ಬಳಗದಲ್ಲೇ ಇದ್ದಾರೆ. ಯಾರ ಹಣದಲ್ಲಿ ಆ ಮನೆಯ ಹಂಚು ಹೋಗಿ ತಾರಸಿ ಬಂದಿತ್ತೋ ಅವರಿಗೇ ಈ ಮಾತು. ಭಯ ಅರ್ಥವಾಗುತ್ತದೆ, ಹೇಳಿಸಿಕೊಂಡವರ ನೋವೂ ಅರ್ಥವಾಗಬೇಕು. ಎಲ್ಲ ಭಾರವನ್ನೂ ನೆಂಟಸ್ತಿಕೆಯ ಮೇಲೇ ಹಾಕಿದರೆ ಒಂದಲ್ಲ ಒಂದು ದಿನ ಅದು ಮುರಿಯುತ್ತದೆ.

ಈಗ ಬೆಂಗಳೂರಿನ ಮಾತು. 2001ರಲ್ಲಿ ಸುಮಾರು 57 ಲಕ್ಷ ಇದ್ದ ಬೆಂಗಳೂರು 2011ರ ಹೊತ್ತಿಗೆ 85 ಲಕ್ಷ ತಲುಪಿತು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬರುವವರೂ ನೆಂಟರ ಬೆನ್ನು ಹಿಡಿದೇ ಬರುತ್ತಾರೆ. ಮೇಸ್ತ್ರಿ ಬಹಳ ಸಲ ಊರಿನವನೇ, ಸಂಬಂಧಿಯೇ; ಮುಂಗಡ ಕೊಟ್ಟವನೂ ಅವನೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಶಾಲೆಗೆ ಹೋಗುವ ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. ಸಂಬಂಧದ ಗಟ್ಟಿತನದಲ್ಲಿ ಇವರು ಕರಾವಳಿಯವರಿಗೆ ಯಾವುದರಲ್ಲೂ ಕಡಿಮೆಯಿಲ್ಲ. ಹಾಗಿದ್ದೂ ಮುಂಬಯಿಯ ಅಳಿಯಂದಿರಂತೆ ಇವರು ಬೇರೂರುತ್ತಿಲ್ಲ. ಕಾರಣ ಇವರ ನೆಂಟರಿಗೆ ಖೋಲಿ ಇಲ್ಲ. ಕಟ್ಟಡ ಮುಗಿದ ದಿನ ತಗಡಿನ ಶೆಡ್ಡು ಕಿತ್ತು ಇನ್ನೊಂದು ಸೈಟಿಗೆ ಹೋಗಬೇಕು. ಅಕ್ಕ ವೈಟ್‌ಫೀಲ್ಡಿನಲ್ಲಿ, ತಮ್ಮ ಕೆಂಗೇರಿಯಲ್ಲಿ. ಹೊಸದಾಗಿ ಬರುವವನಿಗೆ ಕೊಡಲು ಅವರ ಹತ್ತಿರ ಒಂದು ಸ್ಥಿರ ವಿಳಾಸವೇ ಇಲ್ಲ.

ಮುಂಬಯಿಯ ಖೋಲಿ ಅಷ್ಟು ವರ್ಷ ಒಂದೇ ಕುಟುಂಬದ ಕೈಯಲ್ಲಿ ಉಳಿದದ್ದು ಆಕಸ್ಮಿಕ ಅಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಏರದಂತೆ ಹಿಡಿಯಿತು, ಬಾಡಿಗೆದಾರನನ್ನು ಎಬ್ಬಿಸದಂತೆ ಕಾಪಾಡಿತು. ಆ ಕಾಯ್ದೆಯಿಂದ ಕಟ್ಟಡಗಳು ದುರಸ್ತಿಯಿಲ್ಲದೆ ಹಾಳಾದವು ಎಂಬ ಆಕ್ಷೇಪ ನಿಜ. ಅದೇ ಕಾಯ್ದೆಯ ನೆರಳಿನಲ್ಲಿ ಅಪ್ಪನ ಖೋಲಿ ಇಪ್ಪತ್ತು ಮೂವತ್ತು ವರ್ಷ ಊರಿಗೆಲ್ಲ ಗೊತ್ತಿರುವ ವಿಳಾಸವಾಗಿತ್ತು ಎಂಬುದೂ ನಿಜ. ಮಾವನ ಔದಾರ್ಯವನ್ನು ಹೊಗಳುವಾಗ ಆ ಔದಾರ್ಯಕ್ಕೆ ನಿಲ್ಲಲು ಜಾಗ ಕೊಟ್ಟ ಕಾನೂನನ್ನು ಮರೆಯಬಾರದು. ಬೆಂಗಳೂರಿನ ಕೂಲಿಗಾರನಿಗೆ ಎಟುಕುವ ಬಾಡಿಗೆಯ, ಕೆಲವು ವರ್ಷವಾದರೂ ಎಬ್ಬಿಸದ ಸಣ್ಣ ಮನೆಗಳನ್ನು ಸರ್ಕಾರ ಕಟ್ಟಲಿ. ಉಳಿದ ಕೆಲಸವನ್ನು ಅಕ್ಕ, ಭಾವ, ಚಿಕ್ಕಪ್ಪಂದಿರು ತಾವೇ ಮಾಡಿಕೊಳ್ಳುತ್ತಾರೆ.

ಕಟ್ಟಿದ ಮೇಲೆ ಹಂಚುವ ಕ್ರಮವೂ ಬದಲಾಗಬೇಕು. ಕೊಳೆಗೇರಿ ತೆರವು ಮಾಡಿ ಬಹುಮಹಡಿಗೆ ಸಾಗಿಸುವಾಗ ಲಾಟರಿ ಎತ್ತಿ ಮನೆ ಕೊಡುವುದು ರೂಢಿ. ಅದು ನ್ಯಾಯ ಎಂದು ಕಾಣುತ್ತದೆ. ಆದರೆ ನಿನ್ನೆಯವರೆಗೆ ಪಕ್ಕದ ಗುಡಿಸಲಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಇನ್ನೊಂದು ಬ್ಲಾಕಿನ ನಾಲ್ಕನೇ ಮಹಡಿಗೆ, ಕೆಲವೊಮ್ಮೆ ಇನ್ನೊಂದು ಬಡಾವಣೆಗೇ ಹೋಗಿಬಿಡುತ್ತಾಳೆ. ಮರುದಿನದಿಂದ ತಾಯಿ ಕೆಲಸಕ್ಕೆ ಹೋಗುವಂತಿಲ್ಲ. ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಹಳೆಯ ಕಾರ್ಮಿಕ ಕೇರಿಯಿಂದ ಹೊರವಲಯದ ಹೊಸ ಬಡಾವಣೆಗೆ ಸಾಗಿಸಿದ ಕುಟುಂಬಗಳಲ್ಲಿ ತಾಯಿ–ಮಗಳ ದಿನನಿತ್ಯದ ಒಡನಾಟ ಕಡಿದುಹೋದದ್ದನ್ನು ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಾಟ್ 1957ರಲ್ಲೇ ಬರೆದಿಟ್ಟಿದ್ದಾರೆ. ಅಷ್ಟು ವರ್ಷಗಳ ಹಿಂದೆ ಗೊತ್ತಾದ ಸಂಗತಿಯನ್ನು ನಾವು ಇನ್ನೂ ನಮ್ಮ ಯೋಜನೆಗಳಲ್ಲಿ ಬರೆದುಕೊಂಡಿಲ್ಲ.

ಈ ಸಭೆಯಲ್ಲಿ ವಸತಿ ಇಲಾಖೆಯಲ್ಲಿ ಕೆಲಸ ಮಾಡುವವರೂ ಇದ್ದೀರಿ ಎಂದು ಅಧ್ಯಕ್ಷರು ಹೇಳಿದರು. ನಿಮ್ಮಲ್ಲಿ ನನ್ನದೊಂದು ವಿನಂತಿ. ಮನೆ ಹಂಚಿಕೆಯ ಅರ್ಜಿಯಲ್ಲಿ ಒಂದು ಕಲಂ ಸೇರಿಸಿ: ‘ಯಾವ ಕುಟುಂಬದ ಹತ್ತಿರ ಮನೆ ಬೇಕು?’ ಎರಡು ಮೂರು ಕುಟುಂಬಗಳು ಒಟ್ಟಾಗಿ ಅರ್ಜಿ ಹಾಕಿದರೆ ಒಂದೇ ಮಹಡಿಯಲ್ಲಿ, ಇಲ್ಲವೆಂದರೆ ಒಂದೇ ಬ್ಲಾಕಿನಲ್ಲಿ ಕೊಡಿ. ಲಾಟರಿಯನ್ನು ಒಂದೊಂದು ಮನೆಗೆ ಎತ್ತುವ ಬದಲು ಆ ಗುಂಪಿಗೆ ಎತ್ತಿ. ನೆಂಟರೇ ಇಲ್ಲದೆ ಬಂದವರಿಗೆ ನೆರೆಯವರ ಹೆಸರು ಬರೆಯುವ ಅವಕಾಶ ಇರಲಿ. ಇದಕ್ಕೆ ಹೆಚ್ಚು ಹಣ ಬೇಡ, ಅರ್ಜಿಯ ನಮೂನೆ ಬದಲಿಸುವ ಒಂದು ಆದೇಶ ಸಾಕು.